ಮನೆಯ ಸಾಮಾನು: ಜಪಾನಿನ ಮಸಿಯನ್ನು ತರಿಸುವ ವಿಚಾರ

ಮಲೆನಾಡಿನ ಕಡೆಯ ವಾಚಕ ಸೋದರಿಯೊಬ್ಬರು ಬರೆದಿರುವ ಕಾಗದವೊಂದು ಈ ತಿಂಗಳು ನಮ್ಮ ಮೇಜಿನ ಮೇಲಿದೆ. ಅವರ ತಾಯಿಯವರಿಗೆ ಎಂಬತ್ತು ವರ್ಷ ದಾಟಿದೆಯಂತೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ತೊಟ್ಟಿಲ ಹಾಡು, ಹೀಗೆ ಆ ವೃದ್ಧಮಾತೆಯ ನಾಲಗೆಯ ಮೇಲಿರುವ ಸಂಪ್ರದಾಯದ ಹಾಡುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಅನೇಕವು ಯಾವ ಅಚ್ಚಿನ ಪುಸ್ತಕದಲ್ಲಿಯೂ ಬಂದಿಲ್ಲವಂತೆ. ಅವನ್ನೆಲ್ಲ ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ತಮ್ಮ ಕೈಯಿಂದಲೇ ಬರೆದು, ಪರದೇಶದಲ್ಲಿ ಸಂಸಾರ ಹೂಡಿರುವ ಮಗಳಿಗೆ ಕೊಡಬೇಕೆಂಬುದು ಈ ಸೋದರಿಯ ಸಂಕಲ್ಪ. ಬಂಧುಗಳೊಬ್ಬರ ಮನೆಯಲ್ಲಿ ಅವರು ಜಪಾನಿನ ನೇರಳೆ ಬಣ್ಣದ ಮಸಿಯೊಂದನ್ನು ಕಂಡು ಮನಸೋತಿದ್ದಾರೆ. “ಅದನ್ನು ಆ ದೇಶದಿಂದಲೇ ತರಿಸಿಕೊಳ್ಳಬಹುದೆ? ತರಿಸಿದರೆ ಒಟ್ಟು ಏನು ಬೀಳುತ್ತದೆ? ಮಸಿಗೆ ಇಷ್ಟು ಹಣ ಸುರಿಯುವುದು ದುಂದುಗಾರಿಕೆಯೆಂದು ನಮ್ಮ ಯಜಮಾನರು ಹೇಳುತ್ತಾರೆ, ತಮ್ಮ ಅಭಿಪ್ರಾಯವೇನು?” ಎಂದು ಕೇಳಿದ್ದಾರೆ.

ಯಜಮಾನರ ಮಾತನ್ನು ಸದ್ಯಕ್ಕೆ ಒತ್ತಟ್ಟಿಗಿಡೋಣ. ಈ ಸೋದರಿಯು ಕೇಳದೆ ಬಿಟ್ಟಿರುವ ಪ್ರಶ್ನೆಯೊಂದುಂಟು. ನಮ್ಮ ದೃಷ್ಟಿಗೆ ಅದೇ ಮುಖ್ಯವಾದದ್ದು. ಆ ನೇರಳೆ ಮಸಿಯಿಂದ ಬರೆದ ಹಾಡು ಮೊಮ್ಮಗಳ ಕಾಲಕ್ಕೆ ಕಾಗದದ ಮೇಲೆ ಉಳಿದಿರುವುದೆ? ಒಂದು ಮಳೆಗಾಲದಲ್ಲಿ ಹೆಂಚಿನ ಸಂದಿನಿಂದ ನಾಲ್ಕು ಹನಿ ಪುಸ್ತಕದ ಮೇಲೆ ತೊಟ್ಟಿಕ್ಕಿದರೆ ಅಕ್ಷರದ ಗತಿಯೇನು? ಬೆಲೆಯ ವಿಚಾರವೂ ಬಣ್ಣದ ವಿಚಾರವೂ ಇದರ ತರುವಾಯ ಬರತಕ್ಕವು.

ಅವರು ಕಂಡ ಮಸಿಯ ಹೆಸರು ಮುರಸಾಕಿ-ಶಿಕಿಬು ಎಂದು ಕಾಗದದಿಂದ ತಿಳಿಯುತ್ತದೆ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಗೆಂಜಿಯ ಕಥೆಯನ್ನು ಬರೆದ ಜಪಾನಿನ ವಿದುಷಿಯ ಹೆಸರಿದು. ನೇರಳೆ ಬಣ್ಣದ ಸಣ್ಣ ಸಣ್ಣ ಹಣ್ಣುಗಳನ್ನು ಗೊಂಚಲಾಗಿ ಬಿಡುವ ಒಂದು ಪೊದೆಗೂ ಆ ದೇಶದಲ್ಲಿ ಇದೇ ಹೆಸರು. ಈ ಮಸಿಯನ್ನು ಮಾಡುವವರು ಪೈಲಟ್ ಕಂಪೆನಿಯವರು. ೧೯೧೮ರಲ್ಲಿ ನಮಿಕಿ ಎಂಬ ಹೆಸರಿನಿಂದ ಆರಂಭವಾದ ಈ ಕಂಪೆನಿಯು ೨೦೦೭ರಲ್ಲಿ ‘ಇರೊಶಿಜುಕು’ ಎಂಬ ಮಸಿಗಳ ಮಾಲೆಯೊಂದನ್ನು ಹೊರಡಿಸಿತು. ಇರೊ ಎಂದರೆ ಬಣ್ಣ, ಶಿಜುಕು ಎಂದರೆ ತೊಟ್ಟು. ಬಣ್ಣದ ಹನಿ ಎಂದು ಅರ್ಥ. ಕೆಂಪು, ನೀಲಿ, ಹಸುರು ಎಂದು ಒಣ ಹೆಸರುಗಳನ್ನಿಡದೆ, ಬೆಳದಿಂಗಳಿರುಳು, ಆಳವಾದ ಕಡಲು, ಬಿದಿರುವನ, ನವಿಲು, ತೆನೆ, ಹೇಮಂತದಲ್ಲಿ ಕೆಂಪಾಗುವ ಎಲೆ ಎಂದು ಒಂದೊಂದಕ್ಕೂ ತಮ್ಮ ನಾಡಿನ ಪ್ರಕೃತಿಯಿಂದ ಹೆಸರನ್ನು ಆಯ್ದುಕೊಂಡಿದ್ದಾರೆ. ದಪ್ಪ ಗಾಜಿನ ಕುಪ್ಪಿಯ ತಳದಲ್ಲಿ ಸಣ್ಣದೊಂದು ಕುಳಿಯನ್ನು ತೆಗೆದಿರುವುದರಿಂದ, ಮಸಿ ಮುಗಿಯುತ್ತ ಬಂದಾಗ ಕೊನೆಯ ಹನಿಯೂ ಅಲ್ಲಿಗೆ ಇಳಿದು ಪೆನ್ನಿನ ಮೊನೆಗೆ ಸಿಕ್ಕುತ್ತದೆ. ಮಿತವ್ಯಯದ ಗೃಹಿಣಿಗೆ ಇದಕ್ಕಿಂತ ಮೆಚ್ಚುಗೆಯಾಗುವ ಗುಣ ಬೇರೆ ಏನಿದ್ದೀತು!

ಹೆಸರುಗಳು ಮನೋಹರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರನ್ನು ನಂಬಿ ಕೊಳ್ಳತಕ್ಕದ್ದಲ್ಲ. ಇದೇ ಮಾಲೆಯಲ್ಲಿ ‘ತಕೆ-ಸುಮಿ’ ಎಂಬ ಕಪ್ಪು ಮಸಿಯುಂಟು. ಹಾಗೆಂದರೆ ಬಿದಿರಿನ ಇದ್ದಲು. ಇದ್ದಲಿನ ಮಸಿಯಾದ್ದರಿಂದ ಶಾಶ್ವತವಾದೀತೆಂದು ಯಾರಾದರೂ ಊಹಿಸಿದರೆ ಅದು ಸಹಜವೇ. ಆದರೆ ಕುಪ್ಪಿಯೊಳಗೆ ಇರುವುದು ನೀರಿನಲ್ಲಿ ಕರಗಿದ ವರ್ಣದ್ರವ್ಯವೇ ಹೊರತು ಇದ್ದಲಿನ ಪುಡಿಯಲ್ಲ. ಇನ್ನೊಂದು ನೀಲಿ ಮಸಿಗೆ ‘ತ್ಸುಯು-ಕುಸ’ ಎಂದು ಹೆಸರು. ಇದು ಬೆಳಗಿನಲ್ಲಿ ಅರಳಿ ಮಧ್ಯಾಹ್ನಕ್ಕೆ ಮುದುಡುವ ಒಂದು ಕಾಡುಹೂವು. ಇದರ ಜಾತಿಯದೇ ಆದ ದೊಡ್ಡ ಹೂವೊಂದರಿಂದ ಹಿಂಡಿದ ನೀಲಿರಸದಿಂದ ಕ್ಯೋಟೋ ನಗರದ ಬಟ್ಟೆಗೆ ಬಣ್ಣ ಕಟ್ಟುವವರು ರೇಷ್ಮೆಯ ಮೇಲೆ ಮೊದಲು ಚಿತ್ರದ ಗೆರೆಗಳನ್ನು ಬರೆದುಕೊಳ್ಳುವುದು ವಾಡಿಕೆ. ಏಕೆಂದರೆ ಕೆಲಸ ಮುಗಿದ ಮೇಲೆ ನೀರಿನಲ್ಲಿ ಅದ್ದಿದರೆ ಆ ಗೆರೆಗಳು ಗುರುತಿಲ್ಲದಂತೆ ಮಾಯವಾಗುತ್ತವೆ! ಜಪಾನಿನ ಅತಿ ಪ್ರಾಚೀನ ಪದ್ಯಸಂಗ್ರಹವಾದ ಮನ್ಯೋಶೂವಿನಲ್ಲಿ ಈ ಹೂವು ಚಂಚಲವಾದ ಮನಸ್ಸಿಗೆ ಸಂಕೇತವಾಗಿ ಬರುತ್ತದೆ. ಬಾಳಬೇಕಾದ ಪುಸ್ತಕವನ್ನು ಬರೆಯಲು ಹೊರಟವರಿಗೆ ಹೆಸರೇ ಎಚ್ಚರಿಕೆ ಕೊಡುವುದುಂಟು. ಆದರೆ ಆ ಭಾಷೆ ನಮಗೆ ಬರಬೇಕಲ್ಲ.

ಮಸಿಯ ಬಾಳಿಕೆಯು ಅದರೊಳಗೆ ಬಣ್ಣವು ಯಾವ ರೂಪದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಬಣ್ಣವು ಸಕ್ಕರೆಯಂತೆ ನೀರಿನಲ್ಲಿ ಕರಗಿದ್ದರೆ, ಅದು ಪೆನ್ನಿನಲ್ಲಿ ಸುಖವಾಗಿ ಹರಿಯುತ್ತದೆ, ಒಣಗಿಹೋದರೂ ತಣ್ಣೀರಿನಲ್ಲಿ ತೊಳೆದರೆ ಬಿಡುತ್ತದೆ. ಆದರೆ ಅದೇ ಕಾರಣದಿಂದ ಕಾಗದದ ಮೇಲೆಯೂ ನೀರು ಸೋಕಿದರೆ ಮತ್ತೆ ಕರಗುತ್ತದೆ. ವರ್ಷಗಟ್ಟಲೆ ಬೆಳಕಿಗೆ ಬಿದ್ದರೆ ಬಾಡುತ್ತದೆ. ಇರೊಶಿಜುಕು ಮಾಲೆಯ ಮಸಿಗಳೂ, ಅಂಗಡಿಯಲ್ಲಿ ನಾವು ಕಾಣುವ ಬಣ್ಣಬಣ್ಣದ ಮಸಿಗಳಲ್ಲಿ ಬಹುಪಾಲೂ ಈ ಜಾತಿಗೆ ಸೇರಿದವು.

ನಮ್ಮ ಹಿರಿಯರ ಕ್ರಮ ಬೇರೆಯಾಗಿತ್ತು. ತಾಳೆಯ ಗರಿಯನ್ನು ಕಂಟದಿಂದ ಕೊರೆದು, ಆ ಗೀರುಗಳಿಗೆ ಕಾಡಿಗೆಯನ್ನು ತೊಡೆಯುತ್ತಿದ್ದರು. ಕಾಡಿಗೆಯೆಂದರೆ ಅಪ್ಪಟವಾದ ಇಂಗಾಲ. ಬಿಸಿಲಿಗೆ ಬಾಡದು, ನೀರಿಗೆ ಕರಗದು. ಗರಿಯನ್ನು ಹುಳು ತಿಂದೀತು, ಅಕ್ಷರ ಮಾಸುವುದಿಲ್ಲ. ಜಪಾನಿನವರ ಪುರಾತನ ಮಸಿಯೂ ಇಂಥದೇ. ದೀಪದ ಕರಿಯನ್ನು ಪ್ರಾಣಿಜನ್ಯವಾದ ಅಂಟಿನೊಡನೆ ನಾದಿ, ಅಚ್ಚಿಗೆ ಒತ್ತಿ, ಒಣಗಿಸಿದ ಗಟ್ಟಿಯನ್ನು ‘ಸುಮಿ’ ಎನ್ನುತ್ತಾರೆ. ಬರೆಯುವಾಗ ಕಲ್ಲಿನ ಮೇಲೆ ನೀರಿನಲ್ಲಿ ತೇಯ್ದು ಕುಂಚಕ್ಕೆ ತೆಗೆದುಕೊಳ್ಳುವುದು. ನಾವು ಗಂಧವನ್ನು ತೇಯುವ ಹಾಗೆಯೇ. ನಾರಾ ನಗರವು ಈ ಕಸುಬಿಗೆ ಇಂದಿಗೂ ಪ್ರಸಿದ್ಧ. ಅಲ್ಲಿ ೧೫೭೭ರಲ್ಲಿ ಸ್ಥಾಪಿತವಾದ ಕೊಬಾಯೆನ್ ಎಂಬ ಮನೆತನದ ಕಾರ್ಖಾನೆ ಈಗಲೂ ಸುಮಿಯನ್ನು ಮಾಡುತ್ತಿದೆ. ಆದರೆ ಈ ಸುಮಿಯನ್ನು ತೇಯ್ದು ಫೌಂಟನ್ ಪೆನ್ನಿಗೆ ತುಂಬಿದರೆ, ಅದರ ಸೂಕ್ಷ್ಮವಾದ ನಾಳಗಳು ಒಂದೇ ದಿನದಲ್ಲಿ ಕಟ್ಟಿಕೊಂಡು ಪೆನ್ನು ಕೆಡುತ್ತದೆ. ಇದನ್ನು ಯಾರೂ ಪರೀಕ್ಷಿಸಿ ನೋಡಬೇಕಾದ ಅಗತ್ಯವಿಲ್ಲ.

ಪೆನ್ನಿನಲ್ಲಿ ಹರಿಯುವಷ್ಟು ನಯವಾಗಿ ಕಣಗಳನ್ನು ಅರೆದು ಮಸಿ ಮಾಡುವ ವಿದ್ಯೆಯನ್ನು ಜಪಾನಿನವರು ಸಾಧಿಸಿರುವುದೇ ನಮ್ಮ ಪ್ರಕೃತ ವಿಷಯಕ್ಕೆ ಬೇಕಾದ ಸಂಗತಿ. ಹಿರೋಶಿಮಾ ಪ್ರಾಂತದ ಕುರೆ ಎಂಬ ಬಂದರಿನಲ್ಲಿ ೧೯೧೧ರಲ್ಲಿ ಹುಟ್ಟಿದ ಸೈಲರ್ ಕಂಪೆನಿಯವರು ‘ಕಿವಾ-ಗುರೊ’ ಎಂಬ ಕಡುಗಪ್ಪನ್ನೂ ‘ಸೆಯ್-ಬೊಕು’ ಎಂಬ ನೀಲಗಪ್ಪನ್ನೂ ಮಾಡುತ್ತಾರೆ. ೧೯೧೯ರಲ್ಲಿ ಆರಂಭವಾದ ಪ್ಲಾಟಿನಮ್ ಕಂಪೆನಿಯವರು ‘ಕಾರ್ಬನ್ ಬ್ಲ್ಯಾಕ್’ ಎಂಬುದನ್ನು ಮಾಡುತ್ತಾರೆ. ಇವು ಒಣಗಿದ ಮೇಲೆ ನೀರನ್ನು ಸುರಿದರೂ ಅಲುಗುವುದಿಲ್ಲ. ಮೂರನೆಯ ಬಗೆಯೊಂದುಂಟು: ಮರದ ಕಾಯಿಗಳ ಒಗರಿನಿಂದಲೂ ಅನ್ನಭೇದಿಯಿಂದಲೂ ಮಾಡುವ ಕಬ್ಬಿಣದ ಮಸಿ. ಅಳಲೆಕಾಯಿಯನ್ನೂ ಅನ್ನಭೇದಿಯನ್ನೂ ಕೂಡಿಸಿ ಮಸಿ ಕಾಯಿಸುವುದು ನಮ್ಮ ದೇಶದಲ್ಲಿಯೂ ಹಳೆಯದಾದ ಕ್ರಮವೇ. ಬರೆದ ಕ್ಷಣದಲ್ಲಿ ತೆಳುವಾಗಿ ಕಂಡು, ಗಾಳಿ ಸೋಕಿದಂತೆಲ್ಲ ಕಪ್ಪೇರಿ, ಕಾಗದದ ನಾರಿಗೆ ಕಚ್ಚಿಕೊಳ್ಳುವುದು ಇದರ ಗುಣ. ಪ್ಲಾಟಿನಮ್ಮಿನವರ ಬ್ಲೂ-ಬ್ಲ್ಯಾಕ್ ಎಂಬ ಹಳೆಯ ಮಸಿಯು ಈ ಜಾತಿಯದು. ೨೦೧೭ರಲ್ಲಿ ಅವರೇ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಇದೇ ಜಾತಿಯ ಆರು ಬಣ್ಣಗಳನ್ನು ಹೊರಡಿಸಿದರು.

ಆದಕಾರಣ ನಮ್ಮ ಸೋದರಿಗೆ ನಾವು ಕೊಡುವ ಸಲಹೆ ಇಷ್ಟು. ಹಾಡಿನ ಪುಸ್ತಕಕ್ಕೆ ಸೆಯ್-ಬೊಕುವನ್ನು ತರಿಸಲಿ. ಕಿವಾ-ಗುರೊ ಇನ್ನೂ ಕಪ್ಪಾಗಿದೆ, ನಿಜ. ಆದರೆ ಇನ್ನೂರು ಪುಟದ ಉದ್ದಕ್ಕೂ ಕಡುಗಪ್ಪು ಅಕ್ಷರಗಳನ್ನು ನೋಡಿದರೆ ಕಣ್ಣಿಗೆ ದಣಿವು. ನೀಲಗಪ್ಪು ಹಿತವಾಗಿರುತ್ತದೆ ಎಂಬುದು ನಮ್ಮ ಭಾವನೆ. ಮುರಸಾಕಿ-ಶಿಕಿಬುವಿನ ಮೇಲೆ ಆಸೆಯಿದ್ದರೆ ಅದರ ಒಂದು ಸಣ್ಣ ಕುಪ್ಪಿಯೂ ಇರಲಿ. ಮಗಳಿಗೆ ಬರೆಯುವ ಕಾಗದಗಳಿಗೆ ಅದು ಒಪ್ಪುತ್ತದೆ. ಆದರೆ ತಾಯಿಯ ಹಾಡುಗಳನ್ನು ಮಾತ್ರ ಅದರಿಂದ ಬರೆಯಬಾರದು. ತಾಯಿ ಇನ್ನೊಮ್ಮೆ ಹೇಳಿ ಬರೆಸುವುದು ಸಾಧ್ಯವಿಲ್ಲದ ಕಾಲವೊಂದು ಬರುತ್ತದೆ. ಆ ದಿನ ಪುಸ್ತಕವು ನೀರಿಗೆ ಹೆದರುವಂತಿರಕೂಡದು.

ಬಾಳುವ ಮಸಿಯು ಸುಮ್ಮನೆ ಬಾಳುವುದಿಲ್ಲ. ಅದಕ್ಕೆ ತಕ್ಕ ಸೇವೆಯನ್ನು ಕೇಳುತ್ತದೆ. ಕಣದ ಮಸಿಯನ್ನು ತುಂಬಿದ ಪೆನ್ನನ್ನು ವಾರಗಟ್ಟಲೆ ಬರೆಯದೆ ಮೂಲೆಗಿಟ್ಟರೆ ಒಳಗೆ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ನೀರಿಗೆ ಬಿಡುವುದಿಲ್ಲ, ಏಕೆಂದರೆ ನೀರಿಗೆ ಬಿಡದಿರುವುದೇ ಅದರ ಗುಣವಷ್ಟೆ! ಆದ್ದರಿಂದ ದಿನವೂ ನಾಲ್ಕು ಸಾಲಾದರೂ ಬರೆಯಬೇಕು, ಎರಡು ಮೂರು ತುಂಬಿಗೆ ಒಂದು ಸಲ ತಣ್ಣೀರಿನಿಂದ ಪೆನ್ನನ್ನು ತೊಳೆಯಬೇಕು. ಈ ಕೆಲಸಕ್ಕೆ ಬೆಲೆಬಾಳುವ ಚಿನ್ನದ ಮೊನೆಯ ಪೆನ್ನು ಬೇಡ. ಬಿಚ್ಚಿ ತೊಳೆಯಲು ಬರುವ, ಮುಚ್ಚಳ ಬಿಗಿಯಾಗಿ ಕೂರುವ ಸಾಧಾರಣ ಪೆನ್ನೇ ಉತ್ತಮ. ಕಬ್ಬಿಣದ ಮಸಿಯು ಹುಳಿಯ ಅಂಶವುಳ್ಳದ್ದಾದ್ದರಿಂದ ಅದನ್ನು ಉಕ್ಕಿನ ಮೊನೆಯಲ್ಲಿ ತಿಂಗಳುಗಟ್ಟಲೆ ನಿಲ್ಲಬಿಡಬಾರದು. ಒಂದು ಮಸಿಯ ಪೆನ್ನಿಗೆ ತೊಳೆಯದೆ ಇನ್ನೊಂದನ್ನು ತುಂಬಕೂಡದು. ಎರಡು ಜಾತಿಯ ಮಸಿಗಳು ಕೂಡಿದರೆ ಹಾಲು ಒಡೆದ ಹಾಗೆ ಗಸಿ ಕಟ್ಟುವುದುಂಟು. ಪ್ಲಾಟಿನಮ್ಮಿನವರ ‘ಮಿಕ್ಸ್ ಫ್ರೀ’ ಎಂಬ ಮಾಲೆಯಂತೆ, ಬೆರೆಸುವುದಕ್ಕೆಂದೇ ಮಾಡಿದವು ಮಾತ್ರ ಇದಕ್ಕೆ ಹೊರತು.

ಕನ್ನಡವನ್ನು ಬರೆಯುವವರು ಇನ್ನೂ ಒಂದು ವಿಷಯವನ್ನು ನೋಡಬೇಕು. ಚೀನೀ ಮೂಲದ ತಮ್ಮ ಅಕ್ಷರಗಳಲ್ಲಿ ಒಂದೊಂದಕ್ಕೆ ಹತ್ತಿಪ್ಪತ್ತು ಗೆರೆಗಳಿರುವುದರಿಂದ ಜಪಾನಿನವರು ಪೆನ್ನಿನ ಮೊನೆಯನ್ನು ಬಲು ಸಣ್ಣದಾಗಿ ಮಾಡುತ್ತಾರೆ. ಅವರು ಸಣ್ಣದೆನ್ನುವ ಮೊನೆಯು ಐರೋಪ್ಯರು ಸಣ್ಣದೆನ್ನುವುದಕ್ಕಿಂತ ಸಣ್ಣದು. ಇರೊಶಿಜುಕುವಿನಂತಹ ಮಸಿಗಳು ಧಾರಾಳವಾಗಿ ಹರಿಯುವಂಥವು. ಆ ಮೊನೆಗೆ ಈ ಹರಿವು ಸರಿಹೋಗುತ್ತದೆ. ಅದೇ ಮಸಿಯನ್ನು ನಮ್ಮ ದಪ್ಪ ಮೊನೆಯ ಪೆನ್ನಿಗೆ ತುಂಬಿ, ಅಗ್ಗದ ನೋಟುಪುಸ್ತಕದ ಮೇಲೆ ಬರೆದರೆ, ಗೆರೆ ಇಬ್ಬದಿಗೂ ಹಬ್ಬಿ, ‘ದ’ಕಾರ ಯಾವುದು, ಹೊಟ್ಟೆ ಸೀಳಿದ ‘ಧ’ಕಾರ ಯಾವುದು, ಚುಕ್ಕೆಯಿರುವ ‘ಥ’ಕಾರ ಯಾವುದು ಎಂದು ಬರೆದವರಿಗೇ ತಿಳಿಯದಂತಾಗುತ್ತದೆ. ಒತ್ತಕ್ಷರಗಳ ಸುಳಿಗಳಂತೂ ಮುಚ್ಚಿಯೇ ಹೋಗುತ್ತವೆ. ಮಸಿಗೆ ಹೆಚ್ಚು ಹಣ ಕೊಟ್ಟು ಕಾಗದದಲ್ಲಿ ಉಳಿತಾಯಮಾಡುವುದು ರೇಷ್ಮೆಸೀರೆಗೆ ಗೋಣಿಯ ಸೆರಗನ್ನು ಹೊಲಿದಂತೆ.

ಬಣ್ಣದ ವಿಚಾರದಲ್ಲಿ ಮೋಸಹೋಗುವುದೂ ಇಲ್ಲಿಯೇ. ಮಸಿಯನ್ನು ಮಾರುವವರು ಗಣಕದ ತೆರೆಯ ಮೇಲೆ ತೋರಿಸುವ ಮಾದರಿಗಳಲ್ಲಿ ಅಕ್ಷರದ ಅಂಚಿನಲ್ಲಿ ನವಿಲುಗರಿಯ ಹೊಳಪು, ಒಂದೇ ಗೆರೆಯಲ್ಲಿ ಛಾಯೆಯ ಏರಿಳಿತ ಕಾಣುತ್ತದೆ. ಅವು ಸುಳ್ಳಲ್ಲ, ಆದರೆ ಆ ಮಾದರಿಗಳನ್ನು ಸಾಮಾನ್ಯವಾಗಿ ತೊಮೊಎ ರಿವರ್ ಮೊದಲಾದ, ಮಸಿಯನ್ನು ಹೀರದ ಜಪಾನೀ ಕಾಗದದ ಮೇಲೆ ಬರೆದಿರುತ್ತಾರೆ. ಅಲ್ಲಿ ಮಸಿಯು ಮೇಲೆಯೇ ನಿಂತು ನಿಧಾನವಾಗಿ ಒಣಗುವುದರಿಂದ ಹೊಳಪು ಕಟ್ಟುತ್ತದೆ. ನಮ್ಮ ಕಾಗದವು ಅದನ್ನು ಕೂಡಲೆ ಕುಡಿದುಬಿಡುವುದರಿಂದ ಉಳಿಯುವುದು ಬಣ್ಣ ಮಾತ್ರ. ತೆರೆಯಿಂದ ತೆರೆಗೆ ಬಣ್ಣವೂ ಬದಲಾಗುವುದು. ಆದ್ದರಿಂದ ಮೊದಲು ಸಣ್ಣ ಕುಪ್ಪಿಯನ್ನೇ ಕೊಳ್ಳಬೇಕು. ಸೈಲರಿನವರ ‘ಶಿಕಿಓರಿ’ ಮಾಲೆಯೂ, ೨೦೧೮ರಲ್ಲಿ ನೂರು ಬಣ್ಣಗಳೊಡನೆ ಬಂದ ಅವರ ‘ಇಂಕ್ ಸ್ಟುಡಿಯೋ’ ಮಾಲೆಯೂ ೨೦ ಮಿಲಿಲೀಟರಿನ ಕುಪ್ಪಿಗಳಲ್ಲಿ ಬರುತ್ತವೆ. ಇರೊಶಿಜುಕುವಿನಲ್ಲಿಯೂ ೫೦ರ ದೊಡ್ಡ ಕುಪ್ಪಿಯಲ್ಲದೆ ೧೫ ಮಿಲಿಲೀಟರಿನವುಂಟು. ಪೆನ್ನಿನ ಒಂದು ತುಂಬಿಗೆ ಹಿಡಿಯುವುದು ಸುಮಾರು ಅರ್ಧದಿಂದ ಒಂದು ಮಿಲಿಲೀಟರ್. ವಾರಕ್ಕೊಮ್ಮೆ ತುಂಬುವವರಿಗೆ ೫೦ರ ಕುಪ್ಪಿಯೊಂದು ವರ್ಷಕ್ಕೆ ಕಡಿಮೆಯಿಲ್ಲದೆ ಬರುತ್ತದೆ. ಈ ಲೆಕ್ಕವನ್ನು ತಿಳಿದೂ ಒಂದೇ ಸಲಕ್ಕೆ ಹತ್ತು ಕುಪ್ಪಿ ತರಿಸುವವರುಂಟು. ಅಂಥವರ ಅವಸ್ಥೆಗೆ ಜಪಾನಿನವರೇ ‘ಇಂಕು ನುಮ’ ಎಂಬ ಹೆಸರನ್ನು ಇಟ್ಟಿದ್ದಾರೆ: ಮಸಿಯ ಜೌಗು. ಕಾಲಿಟ್ಟರೆ ಇಳಿಯುತ್ತಲೇ ಹೋಗುವುದು.

ಆ ಜೌಗಿಗೆ ಜನರನ್ನು ಎಳೆದ ಮಸಿಗಳಲ್ಲಿ ಒಂದರ ಕಥೆ ಹೇಳತಕ್ಕದ್ದಾಗಿದೆ. ಕೋಬೆ ಬಂದರು ಭಾರತೀಯ ವರ್ತಕರಿಗೆ ಹಳೆಯ ಪರಿಚಯದ ಊರು. ೧೯೯೫ನೆಯ ಜನವರಿ ೧೭ರ ಬೆಳಗಿನ ಜಾವ ಅಲ್ಲಿ ಭೂಕಂಪವಾಗಿ ಆರು ಸಾವಿರಕ್ಕೂ ಮೇಲ್ಪಟ್ಟು ಜನರು ಮಡಿದರು. ಊರು ಮತ್ತೆ ಎದ್ದು ನಿಂತ ಮೇಲೆ, ೧೮೮೨ರಿಂದ ಅಲ್ಲಿ ವ್ಯಾಪಾರಮಾಡುತ್ತಿರುವ ನಾಗಸಾವ ಎಂಬ ಬರವಣಿಗೆಯ ಸಾಮಾನಿನ ಅಂಗಡಿಯ ನೌಕರರೊಬ್ಬರಿಗೆ, ಕಷ್ಟಕಾಲದಲ್ಲಿ ನೆರವಾದವರಿಗೆ ತಮ್ಮ ಊರಿನ ಬಣ್ಣಗಳಲ್ಲಿ ಕೃತಜ್ಞತೆಯ ಕಾಗದ ಬರೆಯಬೇಕೆಂಬ ಯೋಚನೆ ಹುಟ್ಟಿತು. ೨೦೦೭ರಲ್ಲಿ ಊರ ಹಿಂದಿನ ರೊಕ್ಕೊ ಬೆಟ್ಟದ ಹಸುರು, ಹಡಗುಕಟ್ಟೆಯ ನೀಲಿ, ಹಿಂದೆ ಪರದೇಶಿಯರು ವಾಸವಾಗಿದ್ದ ಕೇರಿಯ ಕಂದು, ಹೀಗೆ ಮೂರು ಮಸಿಗಳು ಹೊರಬಂದವು. ಮಾಡಿಕೊಟ್ಟವರು ಸೈಲರಿನವರು. ಈಗ ಆ ಮಾಲೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಣ್ಣಗಳಿವೆ, ಕೇರಿಗೊಂದು, ತೋಟಕ್ಕೊಂದು. ಇದನ್ನು ನೋಡಿ ಜಪಾನಿನ ಬೇರೆ ಬೇರೆ ಊರುಗಳ ಅಂಗಡಿಗಳೂ ತಮ್ಮ ತಮ್ಮ ಊರಿನ ಮಸಿಯನ್ನು ಮಾಡಿಸತೊಡಗಿದವು. ಇಂಥ ಊರಮಸಿಗಳು ಸಾಮಾನ್ಯವಾಗಿ ಆಯಾ ಅಂಗಡಿಯಲ್ಲಿಯೇ ದೊರೆಯತಕ್ಕವು. ಹೊರಗೆ ಮಾರುವವರು ಅಸಲಿನ ಎರಡರಷ್ಟು ಕೇಳಿದರೂ ಆಶ್ಚರ್ಯವಿಲ್ಲ. ಆ ಊರನ್ನು ಕಂಡವರಿಗೆ, ಅಲ್ಲಿ ಮಕ್ಕಳು ಓದುತ್ತಿರುವವರಿಗೆ ಅದರ ಬೆಲೆ ಬೇರೆ. ಮಿಕ್ಕವರು ಅಷ್ಟೇ ಚೆಲುವಾದ ನೀಲಿಯನ್ನು ಕಡಿಮೆ ಹಣಕ್ಕೆ ಪಡೆಯಬಹುದು.

ಇನ್ನು ತರಿಸುವ ಬಗೆ. ಮೊದಲು ನಮ್ಮ ದೇಶದ ಮಾರಾಟಗಾರರಲ್ಲಿ ವಿಚಾರಿಸಬೇಕು. ಜಪಾನಿನ ಮೂರು ದೊಡ್ಡ ಕಂಪೆನಿಗಳ ಮಸಿಗಳನ್ನೂ ಇಲ್ಲಿಗೆ ತರಿಸಿ ಮಾರುವವರಿದ್ದಾರೆ. ಅವರ ಬೆಲೆಯನ್ನು ಜಪಾನಿನ ಅಂಗಡಿಯ ಬೆಲೆಯೊಡನೆ ಹೋಲಿಸಿ, “ಅಬ್ಬಾ, ಎಷ್ಟು ಲಾಭ ಹೊಡೆಯುತ್ತಾರೆ!” ಎಂದು ಹಲವರು ಸಿಟ್ಟಾಗುವುದುಂಟು. ಆದರೆ ಇರೊಶಿಜುಕುವಿನ ದೊಡ್ಡ ಕುಪ್ಪಿಯು ಬಹುಕಾಲ ಜಪಾನಿನೊಳಗೆ ತೆರಿಗೆ ಬಿಟ್ಟು ೧,೫೦೦ ಯೆನ್ನಿಗೆ ಮಾರುತ್ತಿದ್ದಿತೆಂಬುದು ಅಲ್ಲಿಯ ಗ್ರಾಹಕರಿಗೆ ಸಂಬಂಧಿಸಿದ ಮಾತು. ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಅದರ ಮೇಲೆ ಏನೇನು ಏರುತ್ತದೆಂಬುದನ್ನು ಕಾಗದ ಪೆನ್ಸಿಲು ಹಿಡಿದು ಕೂಡಬೇಕು. ಅಂಚೆಯ ವೆಚ್ಚ ಒಂದು. ಪರದೇಶದ ನಾಣ್ಯದಲ್ಲಿ ಹಣ ಸಲ್ಲಿಸಿದ್ದಕ್ಕೆ ಬ್ಯಾಂಕಿನವರು ಹಿಡಿದುಕೊಳ್ಳುವುದು ಇನ್ನೊಂದು. ಸರಕಾರದ ಸುಂಕ ಮೂರನೆಯದು. ಈ ಸುಂಕವನ್ನು ಮಸಿಯ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ. ಅಂಚೆವೆಚ್ಚವನ್ನೂ ಕೂಡಿಸಿ, ಆ ಮೊತ್ತದ ಮೇಲೆ ಹಾಕುತ್ತಾರೆ. ಇದನ್ನು ತಿಳಿಯದವರೇ ಹೆಚ್ಚು.

ಲೆಕ್ಕಕ್ಕಾಗಿ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಒಂದು ಕುಪ್ಪಿಗೆ ೧,೦೦೦ ರೂಪಾಯಿ, ಅಂಚೆಗೆ ೧,೦೦೦ ರೂಪಾಯಿ, ಸುಂಕವು ನೂರಕ್ಕೆ ೪೦ ಎಂದಿಟ್ಟುಕೊಂಡರೆ, ಎರಡು ಸಾವಿರದ ಮೇಲೆ ೮೦೦ ಸೇರಿ ಒಟ್ಟು ೨,೮೦೦ ಆಯಿತು. ಅದೇ ಮೂರು ಕುಪ್ಪಿಗಳನ್ನು ಒಟ್ಟಿಗೆ ತರಿಸಿ, ಅಂಚೆಗೆ ೧,೩೦೦ ಬಿದ್ದರೆ, ೪,೩೦೦ರ ಮೇಲೆ ೧,೭೨೦ ಸುಂಕ ಸೇರಿ ೬,೦೨೦. ಕುಪ್ಪಿಯೊಂದಕ್ಕೆ ಎರಡು ಸಾವಿರಕ್ಕೆ ಸ್ವಲ್ಪ ಮೇಲೆ. ಸುಂಕದ ನಿಜವಾದ ದರವು ಆಯವ್ಯಯದ ಪತ್ರಿಕೆಯೊಡನೆ ಬದಲಾಗತಕ್ಕದ್ದಾದ್ದರಿಂದ ತರಿಸುವ ಮುನ್ನ ಆ ಕಾಲದ ದರವನ್ನು ವಿಚಾರಿಸಿಕೊಳ್ಳಬೇಕು. ಒಂಟಿ ಕುಪ್ಪಿಯನ್ನು ತರಿಸುವುದಕ್ಕಿಂತ ಇಲ್ಲಿಯ ಮಾರಾಟಗಾರರಲ್ಲಿ ಕೊಳ್ಳುವುದು ಎಷ್ಟೋ ಸಲ ಅಗ್ಗವಾಗಿ ಬೀಳುತ್ತದೆಂಬುದಂತೂ ಸ್ಪಷ್ಟ. ಇಲ್ಲಿ ಸಿಕ್ಕದಿರುವ ಎರಡು ಮೂರು ಬಗೆಗಳು ಬೇಕಾದಾಗ ಮಾತ್ರ ನೇರವಾಗಿ ತರಿಸುವುದು ಉಚಿತ.

ಕೆಲವು ಮಾರಾಟಗಾರರು “ಪೊಟ್ಟಣದ ಮೇಲೆ ಉಡುಗೊರೆ ಎಂದು ಬರೆಯಲೆ? ಬೆಲೆಯನ್ನು ಕಡಿಮೆ ನಮೂದಿಸಲೆ?” ಎಂದು ಕೇಳುವುದುಂಟು. ಎರಡಕ್ಕೂ ಬೇಡವೆಂದು ಉತ್ತರಕೊಡಬೇಕು. ಹಿಂದೆ ಸಣ್ಣ ಬೆಲೆಯ ಉಡುಗೊರೆಗಳಿಗೆ ಸುಂಕದ ವಿನಾಯಿತಿಯಿದ್ದಿತು. ಅದನ್ನು ವ್ಯಾಪಾರದ ಸರಕಿಗೆ ಬಳಸಿಕೊಳ್ಳುವುದು ಹೆಚ್ಚಾದ್ದರಿಂದ ೨೦೧೯ನೆಯ ಡಿಸೆಂಬರಿನಲ್ಲಿ ಭಾರತ ಸರಕಾರವು, ರಾಖಿಯನ್ನೂ ಪ್ರಾಣರಕ್ಷಕ ಔಷಧಗಳನ್ನೂ ಬಿಟ್ಟು, ಅಂಚೆಯಲ್ಲಿ ಬರುವ ಉಡುಗೊರೆಗಳಿಗೆ ಆ ಸೌಕರ್ಯವನ್ನು ನಿಲ್ಲಿಸಿತು. ಈಗ ಉಡುಗೊರೆಗೂ ಪೂರ್ಣಸುಂಕವೇ. ಅಸತ್ಯವೂ ಆಯಿತು, ಪ್ರಯೋಜನವೂ ಇಲ್ಲ. ಸುಂಕದವರು ಪೊಟ್ಟಣವನ್ನು ತಡೆದಿಟ್ಟರೆ ಅದನ್ನು ಬಿಡಿಸಿಕೊಳ್ಳುವ ಅಲೆದಾಟ ಬೇರೆ. ಕೊಂಡ ರಸೀದಿಯ ಒಂದು ಪ್ರತಿಯನ್ನು ಪೊಟ್ಟಣದ ಹೊರಗೆ ಅಂಟಿಸಲು ಹೇಳುವುದೂ, “ಫೌಂಟನ್ ಪೆನ್ನಿನ ಮಸಿ, ನೀರಿನಿಂದ ಮಾಡಿದ್ದು” ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯಿಸುವುದೂ ಒಳ್ಳೆಯದು. ಬರಿಯ ‘ಮಸಿ’ ಎಂದಿದ್ದರೆ ಹೊತ್ತಿಕೊಳ್ಳುವ ಅಚ್ಚಿನ ಮಸಿಯೋ ಎಂಬ ಸಂದೇಹಕ್ಕೆ ಎಡೆಯಾಗುತ್ತದೆ.

ಜಪಾನಿನಿಂದ ಬರುವ ಬಂಧುಗಳಿದ್ದರೆ ಅದಕ್ಕಿಂತ ಸುಲಭವಾದ ದಾರಿಯಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ದ್ರವಪದಾರ್ಥವನ್ನು ೧೦೦ ಮಿಲಿಲೀಟರಿಗೆ ಮೀರದ ಕುಪ್ಪಿಗಳಲ್ಲಿ ಮಾತ್ರ ಬಿಡುತ್ತಾರೆ. ೫೦ರ ಕುಪ್ಪಿ ಇದಕ್ಕೆ ಒಳಪಟ್ಟದ್ದೇ; ಆದರೂ ಅವರ ಕೈಚೀಲಕ್ಕೆ ನಾಲ್ಕಾರು ಕುಪ್ಪಿಗಳ ಹೊರೆಯನ್ನು ಹೇರುವುದು ಸೌಜನ್ಯವಲ್ಲ. ಪ್ರತಿಯೊಂದು ಕುಪ್ಪಿಯನ್ನೂ ಬಿಗಿಯಾದ ಚೀಲವೊಂದರಲ್ಲಿಟ್ಟು ಬಟ್ಟೆಗಳ ನಡುವೆ ಪೆಟ್ಟಿಗೆಯಲ್ಲಿ ತರುವುದೇ ಸರಿ. ರೇಷ್ಮೆಯ ಬಟ್ಟೆಗಳ ನಡುವೆ ಮಾತ್ರ ಬೇಡ.

ನಮ್ಮ ದೇಶದ ಮಸಿಗಳನ್ನು ಹೀಗಳೆದು ಪರದೇಶದ್ದನ್ನು ಹೊಗಳುತ್ತಿದ್ದೇವೆಂದು ವಾಚಕರು ಭಾವಿಸಬಾರದು. ಶಾಲೆಯ ಮಕ್ಕಳಿಗೆ, ಮನೆಯ ಲೆಕ್ಕಕ್ಕೆ, ದಿನದಿನದ ಬರಹಕ್ಕೆ ನಮ್ಮ ಬ್ರಿಲ್ಲೋ ಕ್ಯಾಮಲ್ಲೋ ಧಾರಾಳವಾಗಿ ಸಾಕು. ಮುಂಬಯಿಯಲ್ಲಿ ೧೯೩೧ರಲ್ಲಿ ಮಸಿಯ ಪುಡಿಯನ್ನೂ ಬಿಲ್ಲೆಯನ್ನೂ ಮಾರುತ್ತ ಹುಟ್ಟಿದ ಕ್ಯಾಮ್ಲಿನ್ ಕಂಪೆನಿಯ ಹೆಚ್ಚಿನ ಪಾಲನ್ನು ೨೦೧೧ರಲ್ಲಿ ಕೊಂಡವರು ಜಪಾನಿನ ಕೊಕುಯೊ ಎಂಬವರೇ 
ಆದದ್ದು ಒಂದು ವಿನೋದ. ಇನ್ನು ಅಳಿಸಲಾರದ ಮಸಿಯೆಂದರೆ ಮೈಸೂರಿಗೆ ಸಮನಾದ ಊರು ಯಾವುದು? ೧೯೩೭ರಲ್ಲಿ ಮಹಾರಾಜರ ಕಾಲದಲ್ಲಿ ಸ್ಥಾಪಿತವಾದ ಅಲ್ಲಿಯ ಅರಗು ಮತ್ತು ಬಣ್ಣದ ಕಾರ್ಖಾನೆಯೇ ೧೯೬೨ರಿಂದ ಮತದಾರರ ಬೆರಳಿನ ಮಸಿಯನ್ನು ಮಾಡುತ್ತಿದ್ದು, ಪರದೇಶಗಳಿಗೂ ಕಳುಹಿಸುತ್ತಿದೆ. ಅದರಿಂದ ಹಾಡಿನ ಪುಸ್ತಕ ಬರೆಯಲಾಗುವುದಿಲ್ಲವೆಂಬುದಷ್ಟೇ ಕೊರತೆ.

ಜಪಾನಿನವರೂ ಒಂದು ಕಾಲಕ್ಕೆ ನಮ್ಮ ಹಾಗೆಯೇ ಸಮುದ್ರದಾಚೆಯಿಂದ ತರಿಸಿಕೊಳ್ಳುವವರಾಗಿದ್ದರು. ಫೌಂಟನ್ ಪೆನ್ನಿಗೆ ಅವರು ‘ಮನ್ನೆನ್‌ಹಿತ್ಸು’, ಎಂದರೆ ಹತ್ತುಸಾವಿರ ವರ್ಷದ ಕುಂಚ, ಎಂಬ ಘನವಾದ ಹೆಸರನ್ನಿಟ್ಟದ್ದು ವಿಲಾಯಿತಿಯ ಪೆನ್ನುಗಳು ತೋಕಿಯೋದ ಮಾರುಜೆನ್ ಅಂಗಡಿಯಲ್ಲಿ ಮಾರುತ್ತಿದ್ದ ದಿನಗಳಲ್ಲಿ. ಪ್ರಸಿದ್ಧ ಕಾದಂಬರಿಕಾರರಾದ ನತ್ಸುಮೆ ಸೋಸೆಕಿಯವರು ೧೯೧೨ರಲ್ಲಿ ಪೆನ್ನಿನ ವಿಷಯವಾಗಿಯೇ ಒಂದು ಪ್ರಬಂಧವನ್ನು ಬರೆದಿದ್ದಾರೆ. ನೀಲಗಪ್ಪು ಮಸಿಯು ತಮಗೆ ಸೇರದೆ ಕಂದು ಮಸಿಯನ್ನು ತುಂಬುತ್ತಿದ್ದುದಾಗಿ ಅದರಲ್ಲಿ ಹೇಳುತ್ತಾರೆ. ನಾವು ಮೇಲೆ ನೀಲಗಪ್ಪನ್ನು ಶಿಫಾರಸು ಮಾಡಿದ್ದಕ್ಕೆ ಅಷ್ಟು ದೊಡ್ಡವರ ವಿರೋಧವಿದೆಯೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ.

ಯಜಮಾನರ ಮಾತಿಗೆ ಈಗ ಬರಬಹುದು. ದಿನಸಿಯ ಚೀಟಿ ಬರೆಯಲು ಈ ಮಸಿಯನ್ನು ತರಿಸುವುದಾದರೆ ಅವರ ಮಾತೇ ಸರಿ. ಹಾಡಿನ ಪುಸ್ತಕಕ್ಕೆ ಬೇಕಾಗುವುದು ಹೆಚ್ಚೆಂದರೆ ಒಂದು ಕುಪ್ಪಿ ಸೆಯ್-ಬೊಕು. ಅದರ ವೆಚ್ಚವು ಮದುವೆಯ ಮನೆಯೊಂದಕ್ಕೆ ಕೊಂಡೊಯ್ಯುವ ಉಡುಗೊರೆಗೆ ಮೀರಲಾರದು. ಅವರಿಗೆ ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆಯನ್ನು ಮಾಡಿ ತೋರಿಸಬಹುದು. ಪುಸ್ತಕದ ಕಾಗದದ್ದೇ ಒಂದು ಹಾಳೆಯಲ್ಲಿ, ಮನೆಯಲ್ಲಿರುವ ಮಸಿಯಿಂದ ಒಂದು ಸಾಲನ್ನೂ ಹೊಸ ಮಸಿಯಿಂದ ಒಂದು ಸಾಲನ್ನೂ ಬರೆದು, ಒಂದು ದಿನ ಒಣಗಲು ಬಿಡಬೇಕು. ಮರುದಿನ ಎರಡರ ಮೇಲೂ ಒಂದೊಂದು ಹನಿ ನೀರನ್ನಿಟ್ಟು, ಐದು ನಿಮಿಷದ ಮೇಲೆ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಇನ್ನೊಂದು ಹಾಳೆಯಲ್ಲಿ ಹೀಗೆಯೇ ಬರೆದು, ಅರ್ಧವನ್ನು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಒಂದೆರಡು ತಿಂಗಳು ಅಂಟಿಸಿಡಬೇಕು. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ಇರುವ ಭೇದವನ್ನು ಕಂಡ ಮೇಲೆ ಮಾತು ಬೇಕಾಗುವುದಿಲ್ಲ. ಪುಸ್ತಕವನ್ನು ಆರಂಭಿಸುವ ಮೊದಲು ಈ ಪರೀಕ್ಷೆಯನ್ನು ಮಾಡಿಕೊಳ್ಳುವುದು ಸೋದರಿಗೂ ಮೇಲು.

ಪೊಟ್ಟಣ ಬಂದ ದಿನ ಕುಪ್ಪಿಯನ್ನು ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ಬಿಟ್ಟು, ಮಾರನೆಯ ದಿನ ಬಚ್ಚಲಿನಲ್ಲಿ ತೆರೆಯುವುದು ಲೇಸು. ಅಲುಗಾಟದಲ್ಲಿ ಮುಚ್ಚಳದ ಒಳಗೆ ಸೇರಿದ ಮಸಿಯು ಸೀರೆಗೆ ಹಾರುವುದುಂಟು. ತೆರೆದ ತಾರೀಖನ್ನು ಕುಪ್ಪಿಯ ತಳಕ್ಕೆ ಚೀಟಿಯಾಗಿ ಅಂಟಿಸಬೇಕು. ಪೆನ್ನಿನಲ್ಲಿ ಉಳಿದ ಮಸಿಯನ್ನು ಮತ್ತೆ ಕುಪ್ಪಿಗೆ ಸುರಿಯಬಾರದು. ಮಸಿ ಗಟ್ಟಿಯಾಯಿತೆಂದು ಕೊಳಾಯಿಯ ನೀರನ್ನು ಬೆರೆಸಬಾರದು. ನಮ್ಮ ಮಳೆಗಾಲದ ತೇವದಲ್ಲಿ ಬೂಷ್ಟು ಹುಟ್ಟುವುದು ಹೀಗೆಯೇ. ಮುಚ್ಚಳ ತೆಗೆದಾಗ ಮೇಲೆ ಕೆನೆಯಂತಹ ಪೊರೆ ಕಂಡರೆ, ಅಥವಾ ಹುಳಿ ವಾಸನೆ ಬಂದರೆ, ಬೆಲೆಯನ್ನು ನೆನೆದು ಕೊರಗದೆ ಚೆಲ್ಲಿಬಿಡಬೇಕು, ಆ ಕುಪ್ಪಿಯಿಂದ ತುಂಬಿದ ಪೆನ್ನನ್ನೂ ಅದೇ ದಿನ ತೊಳೆಯಬೇಕು. ಹಾಡಿನ ಪುಸ್ತಕಕ್ಕೆ ತಕ್ಕ ಕಾಗದ ಯಾವುದು, ಅದನ್ನು ಹುಳುವಿನಿಂದ ಕಾಯುವುದು ಹೇಗೆ ಎಂಬುದನ್ನು ಬರುವ ತಿಂಗಳು ಬರೆಯುತ್ತೇವೆ.